ಬಿದ್ದವರನ್ನು ಎತ್ತುವ ಮರ್ಯಾದೆ

1

ಮರ್ಯಾದೆ ಅನ್ನೋ ಮಾತಿಗೆ ಸಂಸ್ಕೃತದಲ್ಲಿ ಎಲ್ಲೆ, ಗಡಿ ಎಂಬ ಅರ್ಥ ಇದೆ. ಕನ್ನಡಕ್ಕೆ ಬಂದ ಮೇಲೆ ಅದು ಗೌರವವಾಯಿತು, ನಡವಳಿಕೆಯಾಯಿತು. ಆದರೆ ಗಡಿ ಎಂಬ ಹಳೆಯ ಅರ್ಥ ಎಲ್ಲೂ ಹೋಗಿಲ್ಲ, ಒಳಗೇ ಕೂತಿದೆ. ‘ಮರ್ಯಾದೆಯಿಂದ ಅತ್ಲಾಗೆ ನಿಂತ್ಕೊ’ ಎಂಬ ಮಾತು ಕೇಳಿ ಬೆಳೆದ ನನ್ನಂಥವರಿಗೆ ಇದನ್ನು ಯಾರೂ ನಿಘಂಟು ತೆಗೆದು ತೋರಿಸಬೇಕಾಗಿಲ್ಲ. ಯಾವ ಜಗಲಿಯ ಯಾವ ಮೂಲೆಯಲ್ಲಿ ನಿಲ್ಲಬೇಕು, ನೀರನ್ನು ಎಷ್ಟು ಎತ್ತರದಿಂದ ಬೊಗಸೆಗೆ ಹುಯ್ಯಿಸಿಕೊಳ್ಳಬೇಕು, ದುಡ್ಡನ್ನು ಕೈಗೆ ಕೊಡಬೇಕೋ ನೆಲದ ಮೇಲೆ ಇಡಬೇಕೋ. ಊರಿನ ಮರ್ಯಾದೆಯೆಲ್ಲ ಮೈಗೂ ಮೈಗೂ ನಡುವಿನ ದೂರದ ಲೆಕ್ಕ. ಅಂಬೇಡ್ಕರ್ ಅವರು 1936ರ ‘ಜಾತಿ ವಿನಾಶ’ದಲ್ಲಿ ಪೇಶ್ವೆಗಳ ಕಾಲದ ಪುಣೆಯನ್ನು ನೆನೆಯುತ್ತಾರೆ. ಅಲ್ಲಿ ಅಸ್ಪೃಶ್ಯನಾದವನು ತನ್ನ ಹೆಜ್ಜೆಯ ಗುರುತನ್ನು ಅಳಿಸಲು ಸೊಂಟಕ್ಕೆ ಪೊರಕೆ ಕಟ್ಟಿಕೊಳ್ಳಬೇಕಿತ್ತು, ಉಗುಳಲು ಕೊರಳಿಗೆ ಮಡಕೆ ತೂಗಿಕೊಳ್ಳಬೇಕಿತ್ತು. ಅದೂ ಒಂದು ಶಿಷ್ಟಾಚಾರವೇ. ಮುಟ್ಟದೆ ಇರುವುದು ಹೇಗೆ ಎಂಬುದರ ಶಿಷ್ಟಾಚಾರ.

ಹಾಗಾದರೆ ಮುಟ್ಟುವುದು ಹೇಗೆ ಎಂಬುದಕ್ಕೆ ಎಲ್ಲಾದರೂ ಒಂದು ಶಿಷ್ಟಾಚಾರ ಹುಟ್ಟಿದೆಯೆ? ಗೊತ್ತಿಲ್ಲದವರ ಮೈಗೆ ಮೈ ಡಿಕ್ಕಿ ಹೊಡೆಯುವುದನ್ನೇ ಸಂತೋಷ ಅಂದುಕೊಂಡವರು, ಆ ಸಂತೋಷ ಕೆಡದಂತೆ ತಮ್ಮತಮ್ಮಲ್ಲೇ ಕಟ್ಟಳೆ ಮಾಡಿಕೊಂಡದ್ದು ಉಂಟೆ? ಉಂಟು. ಅಮೆರಿಕದ ಪಂಕ್ ಮತ್ತು ಮೆಟಲ್ ಸಂಗೀತದ ಕಚೇರಿಗಳಲ್ಲಿ, ವೇದಿಕೆಯ ಮುಂದಿನ ನೆಲದ ಮೇಲೆ ಹುಟ್ಟಿದ ‘ಮಾಷ್ ಪಿಟ್’ ಅದು. ವಾದ್ಯದ ಬಡಿತ ಏರುತ್ತಿದ್ದಂತೆ ಜನ ನಡುವೆ ಒಂದು ಬಯಲು ಬಿಡಿಸುತ್ತಾರೆ; ಅದರೊಳಗೆ ನುಗ್ಗಿ ಭುಜಕ್ಕೆ ಭುಜ, ಎದೆಗೆ ಎದೆ ಗುದ್ದಿಕೊಂಡು ಕುಣಿಯುತ್ತಾರೆ. ಹೊರಗಿನಿಂದ ನೋಡಿದವರಿಗೆ ಅದು ಹೊಡೆದಾಟ. ಒಳಗಿದ್ದವರಿಗೆ ಅದು ಕುಣಿತ. ನಾನು ಇಲ್ಲಿ ಅದನ್ನು ಗುದ್ದುಕುಣಿತ ಅಂತ ಕರೆಯುತ್ತೇನೆ.

ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಅಮೆರಿಕದ ಹುಡುಗರ ಕುಣಿತ ಯಾಕೆ ಅಂತ ಯಾರಾದರೂ ಕೇಳಬಹುದು. ದಲಿತ ವಿಮರ್ಶೆ ಅಂದರೆ ದಲಿತರು ಬರೆದ ಪುಸ್ತಕಗಳ ಗುಣದೋಷ ಎಣಿಸುವುದು ಅಂತ ತಿಳಿದವರಿಗೆ ಇದು ವಿಚಿತ್ರವೇ. ನನ್ನ ತಿಳುವಳಿಕೆ ಬೇರೆ. ಒಂದು ಸಮಾಜ ಮೈಯನ್ನು ಎಲ್ಲಿ ನಿಲ್ಲಿಸುತ್ತದೆ, ಯಾರ ಮೈಯನ್ನು ಕಂಡರೆ ಹೆದರುತ್ತದೆ, ಸಾವು ಸಂಭವಿಸಿದಾಗ ತಪ್ಪನ್ನು ಯಾರ ತಲೆಗೆ ಕಟ್ಟುತ್ತದೆ ಎಂಬುದನ್ನು ಓದುವುದು ಕೂಡ ನಮ್ಮ ಕೆಲಸ. ಆ ದೇಶದ ಕರಿಯರ ಚರಿತ್ರೆಯೂ ನಮಗೆ ಹೊರಗಿನದಲ್ಲ. 1946ರಲ್ಲಿ ಅಂಬೇಡ್ಕರ್ ಡುಬಾಯ್ಸ್ ಅವರಿಗೆ ಕಾಗದ ಬರೆದಿದ್ದರು. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ‘ಪ್ಯಾಂಥರ್’ ಎಂಬ ಹೆಸರನ್ನು ಅಲ್ಲಿಂದಲೇ ತಂದರು. ಈ ಕುಣಿತದ ಹೆಸರಿನ ಹಿಂದೆಯೂ ಕರಿಯರೇ ಇದ್ದಾರೆ. ಅದನ್ನು ಮುಂದೆ ನೋಡೋಣ.

2

ಮೊದಲು ಇದ್ದದ್ದು ಲಂಡನ್ನಿನ ‘ಪೋಗೋ’. 1976ರ ಸುಮಾರಿನಲ್ಲಿ ಪಂಕ್ ಹುಡುಗರು ಇಕ್ಕಟ್ಟಾದ ಕ್ಲಬ್ಬುಗಳಲ್ಲಿ ನಿಂತಲ್ಲೇ ಮೇಲಕ್ಕೆ ನೆಗೆಯುತ್ತಿದ್ದರು. ಇದನ್ನು ತಾನೇ ಶುರುಮಾಡಿದ್ದು ಅಂತ ಸೆಕ್ಸ್ ಪಿಸ್ಟಲ್ಸ್ ತಂಡದ ಸಿಡ್ ವಿಶಿಯಸ್ ಹೇಳಿಕೊಳ್ಳುತ್ತಿದ್ದ. ಹತ್ತಾರು ಜನ ಒಟ್ಟಿಗೆ ನೆಗೆದ ಕುಣಿತವನ್ನು ಒಬ್ಬನ ಹೆಸರಿಗೆ ಬರೆಯುವುದು ಚರಿತ್ರೆಕಾರರ ಹಳೇ ಚಾಳಿ. ಅದನ್ನು ಇಲ್ಲಿಗೇ ಬಿಡೋಣ.

1970ರ ದಶಕದ ಕೊನೆಗೆ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ, ಹಂಟಿಂಗ್‌ಟನ್ ಬೀಚಿನ ಕಡಲ ತೀರದ ಹುಡುಗರ ಕೈಯಲ್ಲಿ, ಮೇಲಕ್ಕೆ ನೆಗೆಯುತ್ತಿದ್ದ ಕುಣಿತ ಅಡ್ಡಡ್ಡ ನುಗ್ಗುವ ಕುಣಿತವಾಯಿತು. ಅದಕ್ಕೆ ‘ಸ್ಲ್ಯಾಮ್’ ಅಂದರು. ಪೆನೆಲೊಪಿ ಸ್ಫೀರಿಸ್ ಎಂಬಾಕೆ ಇದನ್ನು ‘ದ ಡಿಕ್ಲೈನ್ ಆಫ್ ವೆಸ್ಟರ್ನ್ ಸಿವಿಲೈಸೇಷನ್’ ಎಂಬ ಸಾಕ್ಷ್ಯಚಿತ್ರದಲ್ಲಿ ಹಿಡಿದಿಟ್ಟರು. 1981ರಲ್ಲಿ ಚಿತ್ರ ತೆರೆಗೆ ಬಂದಾಗ ಲಾಸ್ ಏಂಜಲೀಸ್ ಪೋಲೀಸರ ಮುಖ್ಯಸ್ಥ ಡ್ಯಾರಿಲ್ ಗೇಟ್ಸ್, ಇದನ್ನು ಊರಲ್ಲಿ ಮತ್ತೆ ತೋರಿಸಬೇಡಿ ಅಂತ ಕಾಗದ ಬರೆದ. ಅದೇ ಚಿತ್ರವನ್ನು 2016ರಲ್ಲಿ ಆ ದೇಶದ ಸರ್ಕಾರವೇ ಕಾಪಾಡಬೇಕಾದ ಸಿನಿಮಾಗಳ ಪಟ್ಟಿಗೆ ಸೇರಿಸಿತು. ಮೊದಲು ಲಾಠಿ, ಮೂವತ್ತು ವರ್ಷ ಕಳೆದ ಮೇಲೆ ಶಾಲು. ನಮಗೆ ಈ ಕ್ರಮ ಗೊತ್ತಿಲ್ಲದ್ದೇನಲ್ಲ.

ಈಗ ಹೆಸರಿನ ಮಾತು. ವಾಷಿಂಗ್ಟನ್ ನಗರದಲ್ಲಿ ‘ಬ್ಯಾಡ್ ಬ್ರೇನ್ಸ್’ ಎಂಬ ತಂಡ. ನಾಲ್ಕೂ ಜನ ಕರಿಯರು. ಮೊದಲು ಜಾಜ್ ಬೆರೆತ ಸಂಗೀತ ನುಡಿಸುತ್ತಿದ್ದವರು ಪಂಕ್ ಕೇಳಿ ಅದನ್ನು ಯಾರೂ ನುಡಿಸದಷ್ಟು ವೇಗವಾಗಿ ನುಡಿಸತೊಡಗಿದರು. ಜಮೈಕದ ರೆಗ್ಗೆ, ರಾಸ್ತಫಾರಿ ನಂಬಿಕೆ ಅವರ ಜೊತೆಗೇ ಇತ್ತು. ಹಾಡುಗಾರ ಎಚ್. ಆರ್. ವೇದಿಕೆಯ ಮೇಲಿಂದ ‘ಮ್ಯಾಷ್’ ಅಂತ ಕೂಗುತ್ತಿದ್ದ. ಜಮೈಕದವರ ಬಾಯಲ್ಲಿ ಅದಕ್ಕೆ ಜಜ್ಜಿಹಾಕು, ಪುಡಿಮಾಡು ಎಂಬ ಅರ್ಥ. ಜಜ್ಜಬೇಕಾದದ್ದು ಬ್ಯಾಬಿಲೋನನ್ನು, ಅಂದರೆ ದಬ್ಬಾಳಿಕೆಯ ಲೋಕವನ್ನು. ಕೆಳಗಿದ್ದ ಬಿಳಿಯ ಹುಡುಗರ ಕಿವಿಗೆ ಅದು ‘ಮಾಷ್’ ಅಂತ ಬಿತ್ತು. ಮಾಷ್ ಎಂಬ ಪದ ಹೀಗೆ ಬಂತು ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. 1987ರಲ್ಲಿ ಆಂಥ್ರಾಕ್ಸ್ ಎಂಬ ಮೆಟಲ್ ತಂಡ ಆ ಪದವನ್ನು ತನ್ನ ಹಾಡೊಂದರ ಹೆಸರಿಗೇ ಹಾಕಿತು. ಅಲ್ಲಿಂದ ಅದು ಲೋಕದ ಪದವಾಯಿತು.

ಇದರಲ್ಲಿ ಕಳೆದುಹೋದದ್ದೇನು ನೋಡಿ. ಏನನ್ನು ಜಜ್ಜಬೇಕು ಎಂಬ ಕರ್ಮಪದ ಉದುರಿಹೋಯಿತು, ಬರೀ ಕ್ರಿಯಾಪದ ಉಳಿಯಿತು. ದಬ್ಬಾಳಿಕೆ ಮಾಯವಾಗಿ ಗುದ್ದು ಮಾತ್ರ ಉಳಿಯಿತು. ಹೇಳಿದವನ ನಾಲಿಗೆಯ ಗುರುತೂ ಅಳಿಸಿಹೋಗಿ ಕೇಳಿದವನ ತಪ್ಪುಚ್ಚಾರವೇ ಸರಿಯಾದ ಕಾಗುಣಿತವಾಯಿತು. ನಮ್ಮ ಕೇರಿಗಳ ಮಾತು, ಮಟ್ಟು, ಕಥೆ ಊರಿನ ಬಾಯಿಗೆ ಹೋದಾಗ ಏನಾಗುತ್ತೆ ಅಂತ ಬಲ್ಲವರಿಗೆ ಈ ಪ್ರಸಂಗವನ್ನು ಹೆಚ್ಚು ವಿವರಿಸಬೇಕಿಲ್ಲ.

3

ಕಟ್ಟಳೆಗಳ ವಿಷಯಕ್ಕೆ ಬರುತ್ತೇನೆ. ಇವನ್ನು ಬರೆದ ಮನು ಇಲ್ಲ, ಸ್ಮೃತಿ ಇಲ್ಲ. ಬಾಯಿಂದ ಬಾಯಿಗೆ, ಅದಕ್ಕಿಂತ ಹೆಚ್ಚಾಗಿ ಕೈಯಿಂದ ಕೈಗೆ ದಾಟಿಕೊಂಡು ಬಂದವು. ಯಾವ ಊರಿನ ಹುಡುಗರನ್ನು ಕೇಳಿದರೂ ಮೊದಲನೆಯದಾಗಿ ಹೇಳುವುದು ಒಂದೇ: ಬಿದ್ದವರನ್ನು ಆ ಕ್ಷಣವೇ ಎತ್ತಬೇಕು. ಬಿದ್ದವರ ಸುತ್ತ ನಾಲ್ಕೈದು ಜನ ಬೆನ್ನುಕೊಟ್ಟು ಗೋಡೆಯಾಗಬೇಕು, ಉಳಿದವರು ಕಂಕುಳಿಗೆ ಕೈಹಾಕಿ ನಿಲ್ಲಿಸಬೇಕು. ತಳ್ಳಬಹುದು, ಮುಷ್ಟಿ ಕಟ್ಟಿ ಗುದ್ದಬಾರದು. ಮೊಣಕೈಯನ್ನು ತಲೆಮಟ್ಟಕ್ಕೆ ಎತ್ತಬಾರದು. ಮೊಳೆ ಹೊಡೆದ ಪಟ್ಟಿ ತೊಟ್ಟು ಒಳಗೆ ಬರಬಾರದು. ಅಂಚಿನಲ್ಲಿ ನಿಂತು ನೋಡುತ್ತಿರುವವರನ್ನು ಎಳೆದು ತರಬಾರದು. ಆಚೆ ಹೋಗಬೇಕು ಅಂದವರಿಗೆ ದಾರಿ ಬಿಡಬೇಕು. ಯಾರದೋ ಒಂಟಿ ಬೂಟು ಸಿಕ್ಕರೆ ಎಲ್ಲರಿಗೂ ಕಾಣುವಂತೆ ಮೇಲಕ್ಕೆ ಎತ್ತಿ ಹಿಡಿಯಬೇಕು. ಕನ್ನಡಕ ಬಿದ್ದಿದೆ ಅಂತ ಯಾರಾದರೂ ಕೂಗಿದರೆ, ಅಲ್ಲಿಯತನಕ ಗೂಳಿಗಳ ಥರ ಗುಟುರು ಹಾಕುತ್ತಿದ್ದವರೆಲ್ಲ ನಿಂತು, ಮಂಡಿಯೂರಿ, ನೆಲ ತಡವಿ ಹುಡುಕುತ್ತಾರೆ. ಸಿಕ್ಕ ಮೇಲೆ ಮತ್ತೆ ಗುದ್ದಾಟ!

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಏನಂದರೆ, ಎತ್ತುವ ಮುಂಚೆ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಬಿದ್ದಿದ್ದಾನೆ ಎಂಬುದೊಂದೇ ಅರ್ಹತೆ. ಕೈ ಚಾಚುವ ಮೊದಲು ಅವನ ಕುಲವನ್ನೋ, ತಪ್ಪು ಅವನದೋ ಎಂಬುದನ್ನೋ ಗೊತ್ತುಮಾಡಿಕೊಳ್ಳಲು ಅಲ್ಲಿ ಪುರುಸೊತ್ತಿಲ್ಲ. ದೂರದ ಮರ್ಯಾದೆ ಮೊದಲು ಪ್ರಶ್ನೆ ಕೇಳುತ್ತದೆ, ಆಮೇಲೆ ಕೈ ಚಾಚಬೇಕೋ ಬೇಡವೋ ಅಂತ ಯೋಚಿಸುತ್ತದೆ. ಈ ಮರ್ಯಾದೆಯಲ್ಲಿ ಕೈಯೇ ಮುಂದು.

ಕಟ್ಟಳೆ ಇದೆ ಅಂದಮೇಲೆ ಮುರಿಯುವವರೂ ಇರುತ್ತಾರೆ. ಇಲ್ಲಿ ಇಯನ್ ಮೆಕಾಯ್ ಎಂಬ ಹಾಡುಗಾರನ ವಿಷಯ ಹೇಳಬೇಕು. ವಾಷಿಂಗ್ಟನ್ನಿನ ಬಿಳಿಯರ ಮನೆಯ ಹುಡುಗ, ಬ್ಯಾಡ್ ಬ್ರೇನ್ಸ್ ತಂಡವನ್ನು ಕಣ್ಣಾರೆ ಕಂಡು ಬೆಳೆದವನು. 1981ರ ಅಕ್ಟೋಬರ್ 31ರಂದು ಫಿಯರ್ ಎಂಬ ತಂಡ ಅಮೆರಿಕದ ‘ಸ್ಯಾಟರ್ಡೇ ನೈಟ್ ಲೈವ್’ ಟಿವಿ ಕಾರ್ಯಕ್ರಮದಲ್ಲಿ ನುಡಿಸಿದಾಗ ಗುದ್ದುಕುಣಿತ ಮೊದಲ ಬಾರಿಗೆ ಮನೆಮನೆಗಳ ಪರದೆಯ ಮೇಲೆ ಹೋಯಿತು. ಅಲ್ಲಿ ಕುಣಿದವರಲ್ಲಿ ಇವನೂ ಒಬ್ಬ. ಆರು ವರ್ಷ ಕಳೆದು ಇದೇ ಮನುಷ್ಯ ‘ಫುಗಾಜಿ’ ಎಂಬ ತಂಡ ಕಟ್ಟಿಕೊಂಡು ವೇದಿಕೆಗೆ ಬಂದಾಗ ಕುಣಿತದ ಹೆಸರಲ್ಲಿ ನಡೆಯುವ ಹೊಡೆತಕ್ಕೆ ಅವನೇ ಅಡ್ಡ ನಿಂತ. ಯಾರಾದರೂ ಪಕ್ಕದವರನ್ನು ಬೇಕೆಂದೇ ನೋಯಿಸುತ್ತಿದ್ದರೆ ಹಾಡನ್ನು ಅರ್ಧಕ್ಕೆ ನಿಲ್ಲಿಸಿ, ಬೈಯದೆ, ತಣ್ಣಗೆ, ಅವನನ್ನೇ ಗುರುತಿಸಿ ಮಾತಾಡಿಸುತ್ತಿದ್ದ. ಕೇಳದಿದ್ದರೆ ಟಿಕೆಟ್ಟಿನ ಐದು ಡಾಲರನ್ನು ಲಕೋಟೆಯಲ್ಲಿ ಹಾಕಿ ಕೈಗಿಟ್ಟು ಆಚೆ ಕಳಿಸುತ್ತಿದ್ದರು. ಆ ತಂಡದ ಕಚೇರಿಗಳಿಗೆ ಟಿಕೆಟ್ಟು ಐದು ಡಾಲರಿನ ಆಸುಪಾಸಿನಲ್ಲೇ ಇರುತ್ತಿತ್ತು, ಎಲ್ಲ ವಯಸ್ಸಿನವರಿಗೂ ಪ್ರವೇಶ ಇತ್ತು. ಅಗ್ಗದ ಟಿಕೆಟ್ಟು, ತೆರೆದ ಬಾಗಿಲು, ಒಳಗೆ ಯಾರ ಮೈಯೂ ಇನ್ನೊಬ್ಬರ ಆಸ್ತಿಯಲ್ಲ ಎಂಬ ಕಟ್ಟಳೆ. ಈ ಮೂರೂ ಒಂದೇ ರಾಜಕಾರಣದ ಭಾಗಗಳು ಅಂತ ನಾನು ಓದಿಕೊಳ್ಳುತ್ತೇನೆ.

4

ಹೊಗಳಿದ್ದು ಸಾಕು. ಬಿದ್ದವರನ್ನು ಎತ್ತುವ ಈ ಮರ್ಯಾದೆ, ಒಳಗೆ ಬರಲಿಕ್ಕೇ ಆಗದವರನ್ನು ಏನು ಮಾಡಿತು? ದಲಿತ ಕಣ್ಣು ಮೊದಲು ಹೋಗಬೇಕಾದದ್ದು ಅಲ್ಲಿಗೆ.

ಮೊದಲು ಹೊರಗಾದವರು ಹೆಂಗಸರು. ಪಂಕ್ ಶುರುವಾದಾಗ ವೇದಿಕೆಯ ಮುಂದೆ ಅವರೂ ಇದ್ದರು. ಕುಣಿತ ಒರಟಾದಷ್ಟೂ, ಒರಟುತನವೇ ಗಂಡಸುತನ ಅಂತ ಆದಷ್ಟೂ, ಅವರು ಗೋಡೆ ಬದಿಗೆ ಸರಿದರು. ಗೆಳೆಯನ ಕೋಟು ಹಿಡಿದು ನಿಲ್ಲುವ ಕೆಲಸ ಅವರ ಪಾಲಿಗೆ ಬಂತು. ಒಳಗೆ ಹೋದವರ ಮೈಮೇಲೆ ಕತ್ತಲಲ್ಲಿ ಯಾರ‍್ಯಾರದೋ ಕೈ. ಎತ್ತುವ ಕೈಯೇ ತಡಕುವ ಕೈಯೂ ಆಗಬಲ್ಲದು ಎಂಬುದನ್ನು ಗಂಡಸರ ಕಟ್ಟಳೆ ಬಹಳ ದಿನ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. 1990ರ ದಶಕದ ಮೊದಲ ವರ್ಷಗಳಲ್ಲಿ ಒಲಿಂಪಿಯಾ ಮತ್ತು ವಾಷಿಂಗ್ಟನ್ ನಗರಗಳಲ್ಲಿ ‘ರಯಟ್ ಗರ್ಲ್’ ಎಂಬ ಚಳವಳಿ ಎದ್ದಿತು. ಬಿಕಿನಿ ಕಿಲ್ ತಂಡದ ಕ್ಯಾಥ್ಲೀನ್ ಹ್ಯಾನಾ ಹಾಡು ಶುರುಮಾಡುವ ಮೊದಲು ಹುಡುಗಿಯರು ಮುಂದಕ್ಕೆ ಬರಲಿ, ಗಂಡಸರು ಹಿಂದಕ್ಕೆ ಸರಿಯಲಿ ಅಂತ ಕೇಳಿದಳು. ಕೆಲವರು ಸರಿದರು, ಕೆಲವರು ಕೂಗಾಡಿದರು. ‘ನಾವೂ ಟಿಕೆಟ್ ತಗೊಂಡಿದ್ದೀವಿ, ನಮಗ್ಯಾಕೆ ಅನ್ಯಾಯ?’ ಎಂಬ ತಕರಾರು. ಮೀಸಲಾತಿಯ ಮಾತು ಬಂದಾಗಲೆಲ್ಲ ನಾವು ಕೇಳುವ ರಾಗ ಇದೇ ಅಲ್ಲವೆ? ಮುಂದಿನ ಸಾಲು ಇಷ್ಟು ದಿನ ಯಾರಿಗೆ ಮೀಸಲಾಗಿತ್ತು ಎಂಬ ಪ್ರಶ್ನೆಯನ್ನು ಆ ರಾಗ ಯಾವತ್ತೂ ಎತ್ತುವುದಿಲ್ಲ.

ಹುಡುಗಿಯರು ಮುಂದೆ ಬಂದರು ಸರಿ, ಯಾವ ಹುಡುಗಿಯರು? ಆ ಚಳವಳಿಯಲ್ಲಿ ಹೆಚ್ಚಿನವರು ಬಿಳಿಯರು. ಮಿಮಿ ತಿ ನ್ಗುಯೆನ್ ಎಂಬಾಕೆ 1997ರಲ್ಲಿ ‘ಎವಲ್ಯೂಷನ್ ಆಫ್ ಎ ರೇಸ್ ರಯಟ್’ ಎಂಬ ಕೈಪತ್ರಿಕೆಯನ್ನು ಹೊರತಂದು, ಪಂಕ್ ಲೋಕದ ಬಿಳಿತನದ ಬಗ್ಗೆ ಬಿಳಿಯರಲ್ಲದವರ ಬರಹಗಳನ್ನು ಒಟ್ಟುಮಾಡಿದಳು. ಅದೇ ದಶಕದ ಕೊನೆಗೆ ನ್ಯೂಯಾರ್ಕಿನಲ್ಲಿ ತಮಾರ್ ಕಾಲಿ ಮತ್ತು ಅವಳ ಗೆಳತಿಯರು, ಎಲ್ಲ ಕರಿಯ ಹೆಂಗಸರು, ‘ಸಿಸ್ಟಾ ಗರ್ಲ್ ರಯಟ್’ ಎಂಬ ತಮ್ಮದೇ ಕಚೇರಿಗಳನ್ನು ನಡೆಸಿದರು. 2003ರಲ್ಲಿ ಜೇಮ್ಸ್ ಸ್ಪೂನರ್ ‘ಆಫ್ರೋ ಪಂಕ್’ ಎಂಬ ಸಾಕ್ಷ್ಯಚಿತ್ರ ಮಾಡಿದ. ಗುದ್ದುಕುಣಿತದ ಬಯಲಿನಲ್ಲಿ ತಾನೊಬ್ಬನೇ ಕರಿಯ, ತಾನೊಬ್ಬಳೇ ಕರಿಯಳು ಎಂಬ ಒಂಟಿತನ ಅದರ ವಸ್ತು. ಈ ಕುಣಿತಕ್ಕೆ ಹೆಸರು ಕೊಟ್ಟವರ ಮಕ್ಕಳು ಇಪ್ಪತ್ತು ವರ್ಷದಲ್ಲಿ ಅದರೊಳಗೆ ಅತಿಥಿಗಳಾಗಿದ್ದರು.

ನೊಂದವರೆಲ್ಲ ತಾವಾಗಿಯೇ ನ್ಯಾಯವಂತರು ಅಂತ ನಾನು ಹೇಳುತ್ತಿಲ್ಲ. 1982ರಲ್ಲಿ ಟೆಕ್ಸಾಸಿನ ಆಸ್ಟಿನ್ ಊರಿಗೆ ಹೋದ ಬ್ಯಾಡ್ ಬ್ರೇನ್ಸ್ ತಂಡ, ತಮಗೆ ನೆರವಾದ ಅಲ್ಲಿನ ಸಂಗೀತಗಾರರನ್ನು ಅವರು ಸಲಿಂಗಪ್ರೇಮಿಗಳು ಎಂಬ ಕಾರಣಕ್ಕೇ ಅವಮಾನಿಸಿತು. ಇನ್ನೊಂದು ಕಡೆ, ಗುದ್ದುಕುಣಿತದ ಬಯಲಿಗೆ ಸ್ವಸ್ತಿಕ ತೊಟ್ಟ ನಾಜಿ ಪುಂಡರು ನುಗ್ಗತೊಡಗಿದಾಗ ಡೆಡ್ ಕೆನಡೀಸ್ ತಂಡ 1981ರಲ್ಲಿ ಅವರನ್ನು ನೇರವಾಗಿ ಬೈದು ಹಾಡು ಹೊರಡಿಸಬೇಕಾಯಿತು. ಅಂದರೆ ಆ ಬಯಲು ಯಾವತ್ತೂ ಸ್ವರ್ಗವಾಗಿರಲಿಲ್ಲ. ಅಲ್ಲಿ ಕಟ್ಟಳೆ ಬೆಳೆದದ್ದು ಯಾರೋ ಒಳ್ಳೆಯವರಾಗಿದ್ದರಿಂದ ಅಲ್ಲ. ಪ್ರತಿ ಸಲವೂ ಹೊರಗಾದವರು ಬಂದು ಜಗಳ ತೆಗೆದದ್ದರಿಂದ.

5

ಈಗ ನಮ್ಮ ಕಡೆಗೆ ಬರುತ್ತೇನೆ. ಎರಡೂ ಒಂದೇ ಅಂತ ಹೇಳಲಿಕ್ಕಲ್ಲ. ಒಂದರ ಬೆಳಕಲ್ಲಿ ಇನ್ನೊಂದು ಏನು ತೋರಿಸುತ್ತೆ ಅಂತ ನೋಡಲಿಕ್ಕೆ.

ನಮ್ಮ ಕೇರಿಯ ಮಾರಮ್ಮನ ಹಬ್ಬದಲ್ಲಿ ಹುಲ್ಲು ಉರಿಸಿ ತಮಟೆ ಕಾಯಿಸುತ್ತಿದ್ದರು. ಚರ್ಮ ಬಿಗಿಯಾಗಿ ಸದ್ದು ಕಂಚಿನ ಹಾಗೆ ಏರಿದ ಮೇಲೆ ಗಂಡಸರು ಒಬ್ಬರ ಮೇಲೊಬ್ಬರು ಬೀಳುತ್ತಾ ಕುಣಿಯುತ್ತಿದ್ದರು. ಕುಡಿದವನು ಯಾವನಾದರೂ ಉರುಳಿದರೆ ಬಡಿಯುವವರಲ್ಲಿ ಹಿರಿಯನಾದವನು ಒಂದು ಪೆಟ್ಟು ತಡೆದು, ‘ಬಿದ್ದವ್ನೆ ಕಣ್ರಲಾ, ಎತ್ರಲಾ’ ಅನ್ನುತ್ತಿದ್ದ. ಎತ್ತುವತನಕ ಮುಂದಿನ ಪೆಟ್ಟು ಬೀಳುತ್ತಿರಲಿಲ್ಲ. ಇದನ್ನು ಯಾವ ಜಾನಪದ ವಿದ್ವಾಂಸರೂ ಕಟ್ಟಳೆ ಅಂತ ಬರೆದುಕೊಂಡದ್ದನ್ನು ನಾನು ಓದಿಲ್ಲ. ತಮಟೆಯ ಗತ್ತುಗಳನ್ನು ಎಣಿಸಿದವರು ಗತ್ತು ನಿಲ್ಲಿಸಿದ ಆ ಗಳಿಗೆಯನ್ನೂ ಎಣಿಸಬೇಕಿತ್ತು.

ಅದೇ ಹಬ್ಬದಲ್ಲಿ ಹೆಂಗಸರು ಅಂಚಿನಲ್ಲಿ ನಿಂತಿರುತ್ತಿದ್ದರು. ನಮ್ಮ ದೊಡ್ಡವ್ವ ಒಬ್ಬಳು ಕೆಲವು ಸಲ ನಡುವೆ ಇಳಿದು ಕುಣಿಯುತ್ತಿದ್ದಳು, ಆಗ ಎಲ್ಲರೂ ಜಾಗ ಬಿಡುತ್ತಿದ್ದರು. ಮೈಮೇಲೆ ಅಮ್ಮ ಬಂದವಳೆ ಅಂತ. ದೇವರು ಬರದೆ ಸುಮ್ಮನೆ ಸಂತೋಷಕ್ಕೆ ಕುಣಿಯುವ ಹಕ್ಕು ಅವಳಿಗೆ ಇರಲಿಲ್ಲ. ತಮಟೆಯ ಸದ್ದು ಊರೊಳಕ್ಕೆ ಹೋದಾಗ ಗುಡಿಯ ಒಳಗಿನ ದೇವರಿಗೂ ಕೇಳಬೇಕು, ಬಡಿಯುವವನು ಮಾತ್ರ ಮೆಟ್ಟಿಲ ಕೆಳಗೇ ನಿಲ್ಲಬೇಕು. ಸದ್ದಿಗೆ ಮೈಲಿಗೆ ಇಲ್ಲ, ಮೈಗೆ ಇದೆ. ತಮಟೆಯನ್ನು ಬಿಸಾಡಬೇಕೋ, ನಮ್ಮದೇ ಕಾರಣಕ್ಕೆ ಬಾರಿಸಬೇಕೋ ಎಂದು ನಮ್ಮ ಚಳವಳಿಯಲ್ಲಿ ನಡೆದ ಚರ್ಚೆ ಈ ಮೆಟ್ಟಿಲ ಹತ್ತಿರವೇ ಹುಟ್ಟಿದ್ದು.

ಗುದ್ದುಕುಣಿತ ಬೆಂಗಳೂರಿಗೂ ಬಂದಿದೆ. ಅರಮನೆ ಮೈದಾನದಲ್ಲಿ 2007ರ ಮಾರ್ಚಿ 17ರಂದು ಐರನ್ ಮೇಡನ್ ನುಡಿಸಿತು. 2010ರಲ್ಲಿ ನಗರಕ್ಕೆ ಲ್ಯಾಂಬ್ ಆಫ್ ಗಾಡ್ ಬಂತು. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನಕ್ಕೆ ಮೆಟಾಲಿಕಾ ಬಂತು. ಮೆಟಾಲಿಕಾ ಕೇಳಲು ನಮ್ಮಕ್ಕನ ಮಗ ನನ್ನನ್ನೂ ಎಳೆದುಕೊಂಡು ಹೋಗಿದ್ದ. ನಾನು ಅಂಚಿನಲ್ಲಿ ನಿಂತೆ, ಅವನು ಒಳಗೆ ನುಗ್ಗಿದ. ಬಿದ್ದ, ಯಾರೋ ಎತ್ತಿದರು. ಇನ್ಯಾರೋ ಬಿದ್ದರು, ಇವನು ಎತ್ತಿದ. ಹೊರಗೆ ಬಂದ ಮೇಲೆ ಅವನು ಹೇಳಿದ ಮಾತು ನನ್ನ ತಲೆಯಲ್ಲಿ ಉಳಿದಿದೆ. ‘ಒಳಗೆ ಯಾರೂ ಹೆಸ್ರು ಕೇಳಲ್ಲ ಮಾವ. ಆಚೆ ಬಂದು ಟೀ ಕುಡೀತಾ ನಿಂತ್ಕೊಂಡ್ರೆ ಎಲ್ಲಿ ಓದಿದ್ದು ಅಂತಾರೆ, ಮನೆ ಯಾವ ಏರಿಯಾ ಅಂತಾರೆ, ಆಮೇಲೆ ಪೂರ್ತಿ ಹೆಸ್ರು ಕೇಳ್ತಾರೆ.’

ಒಂದು ಗಂಟೆ ಮೈಗೆ ಮೈ ತಾಗಿಸಿದ ಮಾತ್ರಕ್ಕೆ ಅಸ್ಪೃಶ್ಯತೆ ಹೋಗುವುದಿಲ್ಲ. ಸಿಟಿ ಬಸ್ಸಿನಲ್ಲಿ, ಸಿನಿಮಾ ಟಿಕೆಟ್ಟಿನ ಸಾಲಿನಲ್ಲಿ, ಲೋಕಲ್ ರೈಲಿನಲ್ಲಿ ಎಲ್ಲರೂ ಎಲ್ಲರಿಗೂ ತಾಗುತ್ತಾರೆ. ಮನೆಗೆ ಹೋಗಿ ಬೇರೆ ಬೇರೆ ಲೋಟದಲ್ಲಿ ನೀರು ಕುಡಿಯುತ್ತಾರೆ. ಆ ತಾಗುವಿಕೆ ಅನಿವಾರ್ಯದ್ದು. ಗುದ್ದುಕುಣಿತದಲ್ಲಿ ತಾಗುವುದನ್ನು ಜನ ತಾವಾಗಿ ಆರಿಸಿಕೊಂಡಿದ್ದಾರೆ, ಅದರ ಜೊತೆಗೆ ಒಂದು ಹೊಣೆಯನ್ನೂ ಹೊತ್ತಿದ್ದಾರೆ. ವ್ಯತ್ಯಾಸ ಇರುವುದು ಆ ಹೊಣೆಯಲ್ಲಿ.

ಇಲ್ಲಿ ಒಂದು ತಮಾಷೆಯ ಸಂಗತಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಮೆಟಲ್ ಕಚೇರಿಗಳ ವಿಡಿಯೋಗಳನ್ನು ಇಟ್ಟುಕೊಂಡು ಗುದ್ದುಕುಣಿತವನ್ನು ಅಳೆದು 2013ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಕುಣಿಯುವವರು ಗುದ್ದಿಕೊಂಡು ಚದುರುವ ರೀತಿ ಅನಿಲದ ಕಣಗಳ ಚಲನೆಯನ್ನು ಹೋಲುತ್ತದಂತೆ. ಎಲ್ಲರೂ ದುಂಡಗೆ ಓಡುವ ಸುತ್ತುಕುಣಿತದಲ್ಲಿ ಅವರು ನೋಡಿದ 95ರಷ್ಟು ಪಾಲು ಸುತ್ತುಗಳು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿದ್ದವು. ಅಂದರೆ ನಮ್ಮ ಪುರೋಹಿತರ ಭಾಷೆಯಲ್ಲಿ ಅಪ್ರದಕ್ಷಿಣೆ! ನಡುವೆ ದೇವರೂ ಇಲ್ಲ.

6

ಈ ಚರಿತ್ರೆಯಲ್ಲಿ ಸಾವುಗಳಿವೆ. ಅವನ್ನು ಮುಚ್ಚಿಟ್ಟು ಬರೆದರೆ ನಾನು ಬರೀ ರಸಿಕನಾಗುತ್ತೇನೆ.

1979ರ ಡಿಸೆಂಬರ್ 3ರಂದು ಅಮೆರಿಕದ ಸಿನ್ಸಿನಾಟಿಯಲ್ಲಿ ‘ದ ಹೂ’ ತಂಡದ ಕಚೇರಿ. ಕುರ್ಚಿಗೆ ನಂಬರಿಲ್ಲ, ಮೊದಲು ಬಂದವರಿಗೆ ಮುಂದಿನ ಜಾಗ. ಹೊರಗೆ ಚಳಿಯಲ್ಲಿ ಸಾವಿರಾರು ಜನ. ತೆರೆದದ್ದು ಕೆಲವೇ ಬಾಗಿಲು. 11 ಮಂದಿ ಸತ್ತರು. ಮರುದಿನದಿಂದ ಪತ್ರಿಕೆಗಳ ತುಂಬ ಹುಚ್ಚೆದ್ದ ಜನಜಂಗುಳಿ, ದನದ ಮಂದೆ, ಅನಾಗರಿಕರು. ಆದರೆ ನಾರಿಸ್ ಜಾನ್ಸನ್ ಎಂಬ ಸಮಾಜಶಾಸ್ತ್ರಜ್ಞ ಪೋಲೀಸರು ಬರೆದುಕೊಂಡ ಹೇಳಿಕೆಗಳನ್ನು ಓದಿ 1987ರಲ್ಲಿ ಹೇಳಿದ್ದು ಬೇರೆಯೇ. ಜನ ಒಬ್ಬರನ್ನೊಬ್ಬರು ತುಳಿದು ಓಡಿದ್ದಕ್ಕೆ ಆಧಾರ ಕಡಿಮೆ. ಉಸಿರು ಕಟ್ಟುವ ಆ ಇಕ್ಕಟ್ಟಿನಲ್ಲೂ ಗೊತ್ತಿಲ್ಲದವರು ಗೊತ್ತಿಲ್ಲದವರನ್ನು ಎತ್ತಲು ಒದ್ದಾಡಿದ್ದಕ್ಕೆ ಆಧಾರ ಬೇಕಾದಷ್ಟು.

ಜಾನ್ ಫ್ರೂಯಿನ್ ಎಂಬ ತಜ್ಞ 1993ರಲ್ಲಿ ಬರೆದ ಪ್ರಬಂಧವೊಂದು ಇದನ್ನು ಅರ್ಥಮಾಡಿಸುತ್ತದೆ. ಒಂದು ಚದರ ಮೀಟರಿಗೆ ಸುಮಾರು 7 ಜನ ಆದಾಗ ಗುಂಪು ನೀರಿನ ಹಾಗೆ ಅಲೆಯಾಗುತ್ತದೆ. ಯಾರ ಕಾಲೂ ಯಾರ ಹಿಡಿತದಲ್ಲೂ ಇರುವುದಿಲ್ಲ. ಇಂಥ ದುರಂತಗಳಲ್ಲಿ ಹೆಚ್ಚಿನವರು ಸಾಯುವುದು ತುಳಿತದಿಂದಲ್ಲ, ಎದೆ ಒತ್ತಿಹೋಗಿ ಉಸಿರಾಡಲಾಗದೆ. ನಿಂತ ಹಾಗೇ ಸಾಯುತ್ತಾರೆ.

ಗುದ್ದುಕುಣಿತಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಕುಣಿಯಬೇಕಾದರೆ ನಡುವೆ ಜಾಗ ಇರಬೇಕು, ಹಿಂದಕ್ಕೆ ಓಡಿ ಬಂದು ನುಗ್ಗುವಷ್ಟು ಬಯಲು ಬೇಕು. ಗುದ್ದುಕುಣಿತದಲ್ಲಿ ಹಲ್ಲು ಉದುರಿವೆ, ಕೈಕಾಲು ಮುರಿದಿವೆ, ಅಪರೂಪಕ್ಕೆ ಜೀವವೂ ಹೋಗಿದೆ. ಆದರೆ ಗುಂಪುಗುಂಪಾಗಿ ಜನ ಸತ್ತದ್ದು ಕುಣಿಯಲು ಜಾಗವೇ ಇಲ್ಲದ ಕಡೆ. 1996ರ ಮೇ 11ರಂದು ಡಬ್ಲಿನ್ನಿನಲ್ಲಿ ಸ್ಮ್ಯಾಶಿಂಗ್ ಪಂಪ್‌ಕಿನ್ಸ್ ಕಚೇರಿಯಲ್ಲಿ 17 ವರ್ಷದ ಹುಡುಗಿ ಒತ್ತಡಕ್ಕೆ ಸಿಕ್ಕಿ ತೀರಿಕೊಂಡಳು. ವೇದಿಕೆಯಿಂದ ತಂಡದವರು ಬೇಡಿಕೊಂಡಿದ್ದರು. 2000ದ ಜೂನ್ 30ರಂದು ಡೆನ್ಮಾರ್ಕಿನ ರೊಸ್ಕಿಲ್ಡ ಉತ್ಸವದಲ್ಲಿ ಪರ್ಲ್ ಜ್ಯಾಮ್ ತಂಡ ಹಿಂದೆ ಸರಿಯಿರಿ ಅಂತ ಕೇಳುತ್ತಿದ್ದಂತೆಯೇ ಕೆಸರಲ್ಲಿ ಜಾರಿ ಬಿದ್ದವರು ಮೇಲೆದ್ದು ಬರಲಿಲ್ಲ. 9 ಯುವಕರು ಸತ್ತರು. 2021ರ ನವೆಂಬರ್ 5ರಂದು ಹ್ಯೂಸ್ಟನ್ನಿನ ಆಸ್ಟ್ರೋವರ್ಲ್ಡ್ ಉತ್ಸವದಲ್ಲಿ 10 ಮಂದಿ. ಆ ಸಲ ವೇದಿಕೆಯ ಮೇಲಿದ್ದವನು ಕರಿಯ ಹಾಡುಗಾರ. ಸತ್ತವರ ಮಣ್ಣು ಆರುವ ಮೊದಲೇ, ಅದು ಸೈತಾನನ ಪೂಜೆ ಎಂಬ ಪುಕಾರು ಹಬ್ಬಿತು. ಬೇಲಿಗಳನ್ನು ಎಲ್ಲೆಲ್ಲಿ ಹಾಕಿದ್ದರು, ನಿಲ್ಲಿಸಿ ಎಂದು ಹೇಳುವ ಅಧಿಕಾರ ಯಾರ ಕೈಯಲ್ಲಿತ್ತು ಎಂಬ ಸಪ್ಪೆ ಪ್ರಶ್ನೆಗಳು ಹಿಂದೆ ಬಿದ್ದವು. 2023ರಲ್ಲಿ ಅಲ್ಲಿನ ಗ್ರ್ಯಾಂಡ್ ಜ್ಯೂರಿ ಯಾರ ಮೇಲೂ ಕ್ರಿಮಿನಲ್ ಆರೋಪ ಹೊರಿಸಲಿಲ್ಲ.

ನಮ್ಮೂರಲ್ಲಿ 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕ್ರಿಕೆಟ್ ಗೆಲುವಿನ ಸಂಭ್ರಮಕ್ಕೆ ಬಂದ 11 ಮಂದಿ ಸತ್ತರು. ಅದು ಸಂಗೀತವೂ ಅಲ್ಲ, ಕುಣಿತವೂ ಅಲ್ಲ. ಆದರೆ ಸಿನ್ಸಿನಾಟಿಯ ಹಾಗೇ ಬಾಗಿಲ ಬಳಿಯ ಸಾವು. ನಮ್ಮ ಪತ್ರಿಕೆಗಳು, ಟಿವಿಗಳು ಅದನ್ನು ‘ಕಾಲ್ತುಳಿತ’ ಅಂತ ಬರೆದವು. ಆ ಪದವನ್ನು ಒಂದು ಸಲ ಬಿಡಿಸಿ ನೋಡಿ. ಕಾಲು, ತುಳಿತ. ಹೆಸರಿಡುವಾಗಲೇ ತೀರ್ಪೂ ಆಗಿಬಿಟ್ಟಿದೆ. ತಪ್ಪು ಬಾಗಿಲಿನದ್ದಲ್ಲ, ಬೇಲಿಯದ್ದಲ್ಲ, ಕರೆದವರದ್ದಲ್ಲ, ಕಾಲಿನದ್ದು. ಪುರುಷಸೂಕ್ತದಲ್ಲಿ ಕಾಲಿನಿಂದ ಶೂದ್ರ ಹುಟ್ಟಿದ, ಪಂಚಮನಿಗೆ ಆ ಕಾಲೂ ಸಿಗಲಿಲ್ಲ. ಕಾಲಿನ ಮೇಲೆ ತಪ್ಪು ಹೊರಿಸುವುದು ಈ ನಾಡಿಗೆ ಬಹಳ ಹಳೆಯ ಅಭ್ಯಾಸ. ಗುಂಪು ಎಂದರೆ ಮಂದೆ, ಮಂದೆ ಎಂದರೆ ಕೀಳುಜನ ಎಂಬ ಭಯ ನಮ್ಮ ಅಕ್ಷರಸ್ಥರ ಭಾಷೆಯಲ್ಲೇ ಬೇರುಬಿಟ್ಟಿದೆ. ನಾನಂತೂ ‘ಇಕ್ಕಟ್ಟಿನ ಸಾವು’ ಅಂತ ಬರೆಯುತ್ತೇನೆ. ಇಕ್ಕಟ್ಟು ಅಂದರೆ ಇಕ್ಕಟ್ಟು ಮಾಡಿದವರು ಯಾರು ಅಂತ ಕೇಳಬಹುದು.

ಬಿದ್ದವರನ್ನು ಎತ್ತುವ ಮರ್ಯಾದೆ ಎಷ್ಟೇ ದೊಡ್ಡದಾದರೂ ಒಂದು ಹಂತದ ಆಚೆ ಅದಕ್ಕೆ ಕೈ ಎತ್ತಲಿಕ್ಕೂ ಜಾಗ ಇರುವುದಿಲ್ಲ. ಜಾಗ ಕೊಡಬೇಕಾದವರು, ಬಾಗಿಲು ತೆಗೆಯಬೇಕಾದವರು, ಟಿಕೆಟ್ಟು ಮಾರಿದವರು ತಮ್ಮ ಕೆಲಸ ಮಾಡದೆ ಜನರ ಶಿಸ್ತಿನ ಬಗ್ಗೆ ಉಪನ್ಯಾಸ ಕೊಟ್ಟರೆ, ಅದು ಕೇರಿಗೆ ನೀರು ಬಿಡದೆ ಕೇರಿಯವರ ಸ್ವಚ್ಛತೆಯ ಬಗ್ಗೆ ಭಾಷಣ ಮಾಡಿದ ಹಾಗೆ.

7

ಈ ಮಾತುಗಳನ್ನು ಅಮೆರಿಕದ ಹುಡುಗರಿಗೆ ಹೇಳಬೇಕಾಗಿಲ್ಲ, ಅವರ ಜಗಳ ಅವರು ಆಡುತ್ತಿದ್ದಾರೆ. ಹೇಳಬೇಕಾದದ್ದು ನಮ್ಮವರಿಗೆ. ಈಗ ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಯ ಮೆರವಣಿಗೆಗಳಲ್ಲಿ ತಮಟೆಯ ಜೊತೆಗೆ ಲಾರಿಯ ಮೇಲೆ ಡಿಜೆ ಬಂದಿದೆ. ನೀಲಿ ಶಾಲು ಹೊದ್ದ ಹುಡುಗರು ರಸ್ತೆ ತುಂಬ ಮೈಗೆ ಮೈ ಗುದ್ದಿ ಕುಣಿಯುತ್ತಾರೆ. ಇದೇನು ಬಾಬಾಸಾಹೇಬರಿಗೆ ಮರ್ಯಾದೆಯೆ ಅಂತ ನಮ್ಮಲ್ಲೇ ಓದಿದವರು ಮೂಗು ಮುರಿಯುವುದನ್ನು ಕೇಳಿದ್ದೇನೆ. ನನಗೆ ಆ ತಕರಾರು ಇಲ್ಲ. ಹೆಜ್ಜೆಯ ಗುರುತನ್ನೂ ಉಳಿಸಬಾರದು ಅಂತ ಪೊರಕೆ ಕಟ್ಟಿಸಿಕೊಂಡಿದ್ದವರ ಮಕ್ಕಳು ನಡುರಸ್ತೆಯಲ್ಲಿ ಕಾಲು ಅಪ್ಪಳಿಸಿ ಕುಣಿದರೆ ಅದಕ್ಕೆ ಅದರದೇ ಅರ್ಥ ಇದೆ.

ನನ್ನ ತಕರಾರು ಫುಟ್‌ಪಾತಿನ ಮೇಲೆ ನಿಂತವರದ್ದು. ಅಲ್ಲಿ ನಮ್ಮ ಹೆಣ್ಣುಮಕ್ಕಳು ನಿಂತಿರುತ್ತಾರೆ, ಕೈಯಲ್ಲಿ ತಮ್ಮಂದಿರ ಚಪ್ಪಲಿ, ಮೊಬೈಲು ಹಿಡಿದುಕೊಂಡು. ಅವರೂ ಇಳಿದು ಕುಣಿಯಬೇಕು, ಮೈಮೇಲೆ ಯಾವ ಅಮ್ಮನೂ ಬರದೆ. ಇಳಿದಾಗ ಯಾರ ಕೈಯೂ ತಡಕಬಾರದು. ತಡಕಿದರೆ ಡಿಜೆ ನಿಲ್ಲಬೇಕು, ಅವನನ್ನು ಹೆಸರು ಹಿಡಿದು ಕರೆದು ಆಚೆ ಕಳಿಸಬೇಕು. ಅಲೆಮಾರಿ ಸಮುದಾಯದ ಹುಡುಗ, ಪೌರಕಾರ್ಮಿಕರ ಕಾಲೊನಿಯ ಹುಡುಗ, ನಮ್ಮ ಒಳಜಾತಿಯ ಲೆಕ್ಕದಲ್ಲಿ ಒಂದು ಮೆಟ್ಟಿಲು ಕೆಳಗಿದ್ದಾನೆ ಅಂತ ನಾವೇ ಅಂದುಕೊಂಡ ಯಾರೇ ಆಗಲಿ, ಅಂಚಿನಲ್ಲಿ ನಿಲ್ಲದೆ ನಡುವೆ ಇರಬೇಕು. ಈ ಕಟ್ಟಳೆಗಳನ್ನು ಜಿಲ್ಲಾಡಳಿತ ಮಾಡುವ ಮೊದಲು, ಪೋಲೀಸರು ಲಾಠಿಯಿಂದ ಬರೆಯುವ ಮೊದಲು, ಕುಣಿಯುವವರೇ ಕೂತು ಮಾಡಿಕೊಳ್ಳಬೇಕು. ಸಂಘಟನೆಗಳ ಗೆಳೆಯರು ಮೆರವಣಿಗೆಯ ದಾರಿ, ಹಾರದ ಖರ್ಚು, ಅತಿಥಿಗಳ ಪಟ್ಟಿ ಗೊತ್ತುಮಾಡಲು ಸಭೆ ಸೇರುತ್ತೀರಲ್ಲ, ಆ ಸಭೆಗೆ ಹುಡುಗಿಯರನ್ನೂ ಕರೆಯಿರಿ. ರಸ್ತೆಯಲ್ಲಿ ಅವರಿಗೆ ಎಷ್ಟು ಜಾಗ ಬೇಕು ಅಂತ ಅವರನ್ನೇ ಕೇಳಿ.